ಎಫ್ ಒತ್ತಿದರೆ ಜೀರುಂಡೆ: ಒಂದು ಹಳೆಯ ಪಿಯಾನೋ ರಿಪೇರಿಯ ಕಥೆ

ಫೆಬ್ರುವರಿಯ ಕೊನೆಯ ವಾರ, ಒಂದು ಸಂಜೆ ಮಗಳು ಅಡುಗೆಮನೆಯ ಬಾಗಿಲಿಗೆ ಬಂದು, “ಅಮ್ಮಾ, ಪಿಯಾನೋ ಒಳಗೆ ಜೀರುಂಡೆ ಸೇರಿಕೊಂಡಿದೆ” ಎಂದಳು. ಒಲೆ ಆರಿಸಿ ಹೋಗಿ ನೋಡಿದೆ. ಮಧ್ಯದ ಸಿ ಸ್ವರದಿಂದ ಕೆಳಗಿಳಿದರೆ ಸಿಗುವ ಮೊದಲ ಎಫ್. ಮೆಲ್ಲಗೆ ಒತ್ತಿದರೆ ಏನೂ ಇಲ್ಲ. ಕೊಂಚ ಬಲವಾಗಿ ಒತ್ತಿದರೆ ಸ್ವರದ ಬೆನ್ನಿಗೇ ಜುಂಯ್ ಎಂಬ ಸದ್ದು. ಸ್ಪೀಕರಿನ ಕಾಗದ ಹರಿದ ಹಳೆಯ ರೇಡಿಯೋದಿಂದ ಬರುತ್ತದಲ್ಲ, ಅಂಥದು. ಮರುದಿನ ಅದು ಪಕ್ಕದ ಜಿ ಸ್ವರಕ್ಕೂ ಹಬ್ಬಿತು.

ಆ ಜೀರುಂಡೆಯನ್ನು ಓಡಿಸಲು ಹೆಚ್ಚುಕಡಿಮೆ ಐದು ತಿಂಗಳು ಹಿಡಿಯಿತು. ಬೆಂಗಳೂರಿನಲ್ಲಿ ಹಳೆಯ ಪಿಯಾನೋ ಇಟ್ಟುಕೊಂಡು ಇದೇ ಸದ್ದಿಗೆ ಹೆದರಿ ಕುಳಿತಿರುವವರು ಇನ್ನೂ ಇರಬಹುದು. ನಾನು ಎಲ್ಲೆಲ್ಲಿ ಎಡವಿದೆ ಎಂದು ಅವರಿಗೆ ತಿಳಿದರೆ ಒಂದಿಷ್ಟು ಹಣವೂ ಒಂದಿಷ್ಟು ನಿದ್ದೆಯೂ ಉಳಿಯುತ್ತದೆ.

ಪಿಯಾನೋ ನಮ್ಮದಲ್ಲ, ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರ್‌ಬಾಯಿಯವರದು. ಅವರು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಮನೆಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. ನಾನೂ ಮೂರು ವರ್ಷ ಕಲಿತು, ಹತ್ತನೆಯ ತರಗತಿಯ ನೆಪದಲ್ಲಿ ಬಿಟ್ಟವಳು. ಎಂಬತ್ತು ದಾಟಿದ ಮೇಲೆ ಮನೆ ಮಾರಿ ಮಗನ ಫ್ಲ್ಯಾಟಿಗೆ ಹೋಗುವಾಗ, “ನಿನ್ನ ಮಗಳು ಕಲಿಯುತ್ತಿದ್ದಾಳಂತೆ, ತೆಗೆದುಕೊಂಡು ಹೋಗು” ಎಂದರು. ಲಂಡನ್ನಿನಲ್ಲಿ ತಯಾರಾದ ನೆಟ್ಟನೆಯ (ಅಪ್‌ರೈಟ್) ಪಿಯಾನೋ, 85 ಕೀಗಳು. ಈಗಿನವುಗಳಲ್ಲಿ 88 ಇರುತ್ತವೆ; ಮೇಲಿನ ಮೂರು ಇಲ್ಲವೆಂದು ಮಗಳಿಗೆ ಈವರೆಗೂ ತೊಂದರೆಯಾಗಿಲ್ಲ. ಒಳಗಿನ ಕಬ್ಬಿಣದ ಚೌಕಟ್ಟಿನ ಮೇಲಿದ್ದ ಸಂಖ್ಯೆಯನ್ನು ನೋಡಿ ಇದು 1930ರ ದಶಕದ್ದು ಎಂದು ಆಮೇಲೆ ತಿಳಿಯಿತು.

ಡಿಸೆಂಬರಿನಲ್ಲಿ ಶಿರಾಡಿ ಘಾಟಿ ಹತ್ತಿಸಿ ತಂದೆವು. ಮಳೆಗಾಲದಲ್ಲಿ ಆ ದಾರಿಯನ್ನು ನಂಬಬೇಡಿ. ಗುಡ್ಡ ಕುಸಿದು ದಾರಿ ಮುಚ್ಚಿದರೆ ಪಿಯಾನೋ ಲಾರಿಯಲ್ಲೇ ನೆನೆಯುತ್ತದೆ. ಸಾಗಣೆಯವರು ಮೊದಲು ಕೇಳಿದ್ದು ಬಿಲ್. ಇದು ಮಾರಾಟದ ಸರಕಲ್ಲ, ಬಳಸಿದ ಮನೆಸಾಮಾನು ಎಂದು ಕೊಟ್ಟವರು, ಪಡೆದವರು ಇಬ್ಬರೂ ಸಹಿ ಮಾಡಿದ ಒಂದು ಪತ್ರ ಬರೆದುಕೊಟ್ಟೆವು. ಅದರಲ್ಲಿ ಅಂದಾಜು ಬೆಲೆಯನ್ನೂ ನಾಲ್ಕೂ ಬದಿಯ ಫೋಟೋಗಳನ್ನೂ ಸೇರಿಸಿದ್ದು ವಿಮೆಗೆ ಅನುಕೂಲವಾಯಿತು. ಇನ್ನೊಂದು ಮಾತು. ಹಳೆಯ ಪಿಯಾನೋದ ಬಿಳಿ ಕೀಗಳಿಗೆ ಆನೆದಂತ ಹೊದಿಸಿರುವುದುಂಟು. ಕೀಯ ಅಗಲ ಭಾಗವೂ ಕಿರಿದಾದ ಭಾಗವೂ ಸೇರುವಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ದಂತವಿರಬಹುದು. ಆಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡುವೆ ಬರುತ್ತದೆ, ತಿಳಿದವರನ್ನು ಕೇಳದೆ ಕೊಳ್ಳುವುದೂ ಬೇಡ, ಸಾಗಿಸುವುದೂ ಬೇಡ. ನಮ್ಮದರಲ್ಲಿ ಗೆರೆ ಇರಲಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಬಳಸಲು ಮೂರು ದಿನ ಮುಂಚೆ ಅರ್ಜಿ, ಐದು ಸಾವಿರ ಠೇವಣಿ, ಗೇಟಿಗೊಂದು ಚೀಟಿ. ಲಿಫ್ಟಿನ ಒಳಗೆ ‘8 ಜನ, 544 ಕಿಲೋ’ ಎಂದು ಬರೆದಿತ್ತು. ಪಿಯಾನೋ 220 ಕಿಲೋ, ಹೊರುವವರು ನಾಲ್ವರು. ನಾನು ಬೆರಳು ಮಡಿಸಿ ಲೆಕ್ಕ ಹಾಕುತ್ತಿರುವಾಗಲೇ ಅವರು ಅದನ್ನು ಒಳಗೆ ತಳ್ಳಿ ಗುಂಡಿ ಒತ್ತಿಯಾಗಿತ್ತು.

ಟೀಚರ್‌ಬಾಯಿ ಪಿಯಾನೋ ಜೊತೆ ಒಂದು ಬಲ್ಬನ್ನೂ ಕಳುಹಿಸಿದ್ದರು. 40 ವಾಟ್‌ನ ಹಳದಿ ಬಲ್ಬು, ಪಿಂಗಾಣಿಯ ಹೋಲ್ಡರು, ಹತ್ತಿಯ ನೂಲು ಸುತ್ತಿದ ಹಳೆಯ ಕಾಲದ ವೈರು. ಪೆಡಲ್‌ಗಳ ಮೇಲಿನ ಹಲಗೆಯನ್ನು ತೆಗೆದರೆ ಒಳಗೆ ಒಂದು ಗೂಡಿನಂಥ ಜಾಗವಿದೆ, ಅದರಲ್ಲಿ ಈ ಬಲ್ಬನ್ನು ನೇತುಹಾಕಿ ಉರಿಸಬೇಕು. ಕರಾವಳಿಯಲ್ಲಿ ಪಿಯಾನೋ ಇದ್ದ ಮನೆಗಳಲ್ಲೆಲ್ಲ ಇದು ರೂಢಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಅಕ್ಕಿಡಬ್ಬವೂ ಬೆವರುತ್ತದೆ. ಬಲ್ಬಿನ ಬಿಸಿಗೆ ಪಿಯಾನೋ ಒಳಗಿನ ಉಣ್ಣೆಯ ಫೆಲ್ಟು ಬೂಸ್ಟು ಹಿಡಿಯದೆ, ತಂತಿ ತುಕ್ಕು ಹಿಡಿಯದೆ ಉಳಿಯುತ್ತದೆ. “ಬಲ್ಬನ್ನು ಮರೆಯಬೇಡ” ಎಂದು ಮೂರು ಸಲ ಹೇಳಿದ್ದರು. ನಾನು ಮರೆಯಲಿಲ್ಲ. ಡಿಸೆಂಬರ್ 18ರಂದು ಹಚ್ಚಿದ್ದನ್ನು ಒಂದು ದಿನವೂ ಆರಿಸಲಿಲ್ಲ.

ಈ ಬಲ್ಬು ನೆನಪಿನಲ್ಲಿರಲಿ.

ಸದ್ದು ಶುರುವಾದಾಗ ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಮೊಬೈಲಿನಲ್ಲಿ ಹುಡುಕಿ, ಸೌಂಡ್‌ಬೋರ್ಡ್ ಸೀಳಿದರೆ ಹೀಗಾಗುತ್ತದೆ ಎಂದು ಓದಿ, ಟಾರ್ಚ್ ಹಿಡಿದು ಪಿಯಾನೋದ ಬೆನ್ನಿಗೆ ಹೋದೆ. ಸೌಂಡ್‌ಬೋರ್ಡ್ ಎಂದರೆ ತಂತಿಗಳ ಹಿಂದೆ ಇಡೀ ಪಿಯಾನೋದ ಅಗಲಕ್ಕೂ ಹಬ್ಬಿರುವ ತೆಳು ಹಲಗೆ. ತಂಬೂರಿಗೆ ಬುರುಡೆ ಹೇಗೋ ಪಿಯಾನೋಗೆ ಇದು ಹಾಗೆ. ತಂತಿಯ ನಡುಕ ಕುದುರೆಯ, ಅಂದರೆ ತಂತಿ ಒರಗುವ ಮರದ ಪಟ್ಟಿಯ ಮೂಲಕ ಹಲಗೆಗೆ ಇಳಿದು, ಅಲ್ಲಿಂದ ಗಾಳಿಗೆ ಬರುತ್ತದೆ. ಸ್ಪ್ರೂಸ್ ಮರ, ದಪ್ಪ ಎಂಟೊಂಬತ್ತು ಮಿಲಿಮೀಟರ್ ಅಷ್ಟೇ. ಹಿಂಬದಿಗೆ ಅಡ್ಡಲಾಗಿ ಪಕ್ಕೆಲುಬುಗಳಂತೆ ಪಟ್ಟಿಗಳನ್ನು ಸರೇಸಿನಿಂದ ಅಂಟಿಸಿರುತ್ತಾರೆ. ಹಲಗೆಗೆ ಕಣ್ಣಿಗೆ ಕಾಣದಷ್ಟು ಉಬ್ಬು ಬರುವುದೂ ಆ ಉಬ್ಬು ನಿಲ್ಲುವುದೂ ಈ ಪಕ್ಕೆಲುಬುಗಳಿಂದ. ಟಾರ್ಚಿನ ಬೆಳಕಿನಲ್ಲಿ ಒಂದು ಗೇಣುದ್ದದ ಬಿರುಕು ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಟೀಚರ್‌ಬಾಯಿಯ ಮನೆಯಲ್ಲಿ ಅಷ್ಟು ವರ್ಷ ಬದುಕಿದ್ದನ್ನು ನಾನು ಮೂರು ತಿಂಗಳಲ್ಲಿ ಕೊಂದೆನೇ ಎಂಬ ಚಿಂತೆ.

ನನ್ನ ಅಮ್ಮನಿಗೆ ಮಾತ್ರ ನಗು. ಅವಳು ತಂಬೂರಿ ಹಿಡಿದು ಹಾಡುವವಳು. ತಂಬೂರಿಯ ಕುದುರೆಯ ಮೇಲೆ ನೂಲಿನ ಎಳೆಯನ್ನು ಕೂದಲಷ್ಟು ಸರಿಸಿ ಸರಿಸಿ ಇದೇ ಝೇಂಕಾರವನ್ನು ಬರಿಸಲು ಅವಳಿಗೆ ಅರ್ಧ ಗಂಟೆ ಬೇಕು. “ನಾವು ಕಷ್ಟಪಟ್ಟು ಬರಿಸುವ ಜೀವಾಳಿ ನಿನಗೆ ತಾನಾಗಿಯೇ ಬಂದಿದೆ, ಅದಕ್ಕೂ ಅಳುತ್ತೀಯಲ್ಲ” ಎಂದಳು.

ಬಂದ ಮೊದಲ ತಂತ್ರಜ್ಞರು ನಮ್ಮ ಮನೆಯಲ್ಲಿ ಇದ್ದದ್ದು ಇಪ್ಪತ್ತೇ ನಿಮಿಷ. ಎಫ್ ಒತ್ತಿದರು, ಬೆನ್ನಿನ ಬಿರುಕಿಗೆ ಮೊಬೈಲಿನ ಬೆಳಕು ಬಿಟ್ಟರು, “ಸೌಂಡ್‌ಬೋರ್ಡ್ ಹೋಗಿದೆ” ಎಂದರು. ತಂತಿ ಪೂರ್ತಿ ಕಳಚಿ, ಕಬ್ಬಿಣದ ಚೌಕಟ್ಟು ಎತ್ತಿ, ಹೊಸ ಹಲಗೆ ಕೂರಿಸಿ ಮತ್ತೆ ತಂತಿ ಹಾಕಲು 1,90,000 ರೂಪಾಯಿ. ಇಲ್ಲವಾದರೆ ಇದನ್ನು ಅಲಂಕಾರಕ್ಕೆ ಇಟ್ಟುಕೊಂಡು ಮಗಳಿಗೆ ಡಿಜಿಟಲ್ ಪಿಯಾನೋ ಕೊಡಿಸಿ ಎಂಬ ಸಲಹೆ. ಬಂದುಹೋದದ್ದಕ್ಕೆ 2,000. ಅವರು ಮೋಸಗಾರರೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಅವರು ಪಿಯಾನೋದ ಒಂದೇ ಒಂದು ಹಲಗೆಯನ್ನೂ ಬಿಚ್ಚಿರಲಿಲ್ಲ. ಬಿಚ್ಚದೆ ತೀರ್ಪು ಕೊಟ್ಟವರಿಗೆ ಮುಂಗಡ ಕೊಡಬೇಡಿ.

ಎರಡನೆಯವರ ಸಂಖ್ಯೆ ಸಿಕ್ಕಿದ್ದು ಮಗಳ ಶಿಕ್ಷಕಿಯಿಂದ. ಅರವತ್ತು ದಾಟಿದ ಹಿರಿಯರು, ಅವರ ತಂದೆಯೂ ಇದೇ ಕೆಲಸದಲ್ಲಿದ್ದವರು. ಫೋನ್ ಮಾಡಿದರೆ, “ಐದು ವಾರ ಆಗುತ್ತದೆ. ಸಂಗೀತದ ಗ್ರೇಡ್ ಪರೀಕ್ಷೆಗಳ ಸಮಯ, ಶಾಲೆಗಳಲ್ಲಿ ಕೆಲಸ ತುಂಬಿದೆ” ಎಂದರು. ನನ್ನ ದನಿಯಲ್ಲಿದ್ದ ಕಳವಳ ಕೇಳಿಸಿತೋ ಏನೋ, ಫೋನ್ ಇಡುವ ಮುಂಚೆ ಒಂದು ಮನೆಗೆಲಸ ಕೊಟ್ಟರು: “ನಾನು ಬರುವುದರೊಳಗೆ ಪಿಯಾನೋದ ಹೊರಗೆ ಇರುವ ಸದ್ದುಗಳನ್ನೆಲ್ಲ ನೀವೇ ಹಿಡಿದು ಹೊರಹಾಕಿ. ಹತ್ತು ಮನೆಯಲ್ಲಿ ಆರು ಮನೆಯ ಜುಂಯ್ ಪಿಯಾನೋ ಒಳಗಿರುವುದೇ ಇಲ್ಲ.”

ನನಗೆ ಅತ್ಯಂತ ಉಪಯೋಗಕ್ಕೆ ಬಂದ ಮಾತು ಅದು. ಸಡಿಲವಾಗಿರುವ ಪ್ರತಿ ವಸ್ತುವಿಗೂ ತನ್ನದೇ ಒಂದು ಸ್ವರವಿರುತ್ತದೆ, ಆ ಸ್ವರ ನುಡಿಸಿದಾಗ ಅದು ಎದ್ದು ಕುಣಿಯುತ್ತದೆ, ಉಳಿದ ಸ್ವರಗಳಿಗೆ ಕಿವುಡಾಗಿರುತ್ತದೆ. ಹಾಗಾಗಿ ಸದ್ದು ಎಫ್ ಕೀಯಿಂದ ಬಂದರೆ ದೋಷ ಎಫ್ ತಂತಿಯಲ್ಲಿಯೇ ಇದೆ ಎಂದು ಅರ್ಥವಲ್ಲ. ಹುಡುಕಲು ಇಬ್ಬರು ಬೇಕು: ಒಬ್ಬರು ಅದೇ ಕೀಯನ್ನು ಅದೇ ಬಲದಲ್ಲಿ ಒತ್ತುತ್ತಲೇ ಇರಬೇಕು, ಇನ್ನೊಬ್ಬರು ಅನುಮಾನ ಬಂದ ವಸ್ತುವನ್ನು ಬೆರಳಿನಿಂದ ಅದುಮಬೇಕು. ಸದ್ದು ನಿಂತರೆ ಕಳ್ಳ ಸಿಕ್ಕಿದಂತೆ. ಪಿಯಾನೋವನ್ನೇ ಪಕ್ಕಕ್ಕಿಟ್ಟು ಕೋಣೆಯನ್ನು ಪರೀಕ್ಷಿಸಲು ಇನ್ನೊಂದು ಉಪಾಯವಿದೆ. ಮೊಬೈಲಿನಲ್ಲಿ ಶುದ್ಧ ಸ್ವರ ಹೊರಡಿಸುವ ಉಚಿತ ಆ್ಯಪ್‌ಗಳಿವೆ. ಅದನ್ನು ಒಳ್ಳೆಯ ಸ್ಪೀಕರ್‌ಗೆ ಜೋಡಿಸಿ ಸೆಕೆಂಡಿಗೆ 150 ಕಂಪನದಿಂದ 200ರವರೆಗೆ ನಿಧಾನವಾಗಿ ಏರಿಸಿದೆವು. ನಮ್ಮ ಎಫ್ ಇರುವುದು 175ರ ಹತ್ತಿರ. 170 ದಾಟುವಾಗ ಷೋಕೇಸಿನ ಗಾಜು ಗುರುಗುಟ್ಟಿತು. ಗಾಜಿನ ಕೆಳಗೆ ಮಡಚಿದ ಕಾಗದ ತುರುಕಿದೆವು. ಆಮೇಲೆ ಕಿಟಕಿಯ ಸೊಳ್ಳೆಪರದೆಯ ಚೌಕಟ್ಟು. ಆಮೇಲೆ ಮಾವನವರ ಸನ್ಮಾನದ ಫಲಕ, ಅದು ಎಫ್‌ಗೂ ಜಿಗೂ ಎರಡಕ್ಕೂ ನಡುಗುತ್ತಿತ್ತು. ಅದನ್ನು ಬೇರೆ ಕೋಣೆಗೆ ವರ್ಗಾಯಿಸಲು ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ನಂತರ ಪಿಯಾನೋದ ಮೈ. ಮೇಲಿನ ಮುಚ್ಚಳ ಎತ್ತಿದರೆ ಎದುರಿನ ಹಲಗೆ ಎರಡು ತಿರುಗುಗುಂಡಿಗಳಿಂದ ಬಿಡಿಸಿಕೊಳ್ಳುತ್ತದೆ. ಕೆಳಗಿನ ಹಲಗೆಯನ್ನು ಒಂದು ಉಕ್ಕಿನ ಸ್ಪ್ರಿಂಗ್ ಹಿಡಿದಿರುತ್ತದೆ, ಅದನ್ನು ಮೇಲಕ್ಕೆ ಒತ್ತಿದರೆ ಸಾಕು. ಇವೆರಡಕ್ಕೂ ಯಾವ ಉಪಕರಣವೂ ಬೇಡ, ಹೆದರಬೇಡಿ. ಆದರೆ ಅದರಾಚೆಗೆ ಕೈಹಾಕಬೇಡಿ. ತಂತಿ ಬಿಗಿಯುವ ಬಿರಡೆಗಳನ್ನಂತೂ ಮುಟ್ಟಲೇಬೇಡಿ. ಇನ್ನೂರಕ್ಕೂ ಹೆಚ್ಚು ತಂತಿಗಳು ಎಲ್ಲ ಸೇರಿ ಸುಮಾರು 15ರಿಂದ 20 ಟನ್ ಬಲದಲ್ಲಿ ಎಳೆಯುತ್ತಿರುತ್ತವೆ. ಹಲಗೆ ಬಿಚ್ಚಿದಾಗ ಕೀಗಳ ಸಂದಿಯಲ್ಲಿ ಎರಡು ಪೆನ್ಸಿಲ್, ಒಂದು ಹೇರ್‌ಪಿನ್, ಒಂದು ನಾಲ್ಕಾಣೆ ಸಿಕ್ಕವು. ನಾಲ್ಕಾಣೆ ಚಲಾವಣೆಯಿಂದ ಹೋದದ್ದು 2011ರಲ್ಲಿ, ಅಂದರೆ ಅದಕ್ಕೂ ಮುಂಚಿನ ಯಾರದೋ ಜೇಬಿನದು. ಮೋಂಬತ್ತಿ ಸಿಕ್ಕಿಸುವ ಹಿತ್ತಾಳೆಯ ಕೈಗಳ ಸ್ಕ್ರೂ ಸಡಿಲವಾಗಿದ್ದವು, ಬಿಗಿ ಮಾಡಿದೆವು. ಕೀಗಳ ಮೇಲಿನ ಮುಚ್ಚಳದ ಉದ್ದ ಕೀಲಿನ ಸರಳು ಒಂದು ಬದಿಗೆ ಜಾರಿತ್ತು, ಅದನ್ನೂ ಒಳಗೆ ತಳ್ಳಿದೆವು.

ಇಷ್ಟಾದ ಮೇಲೆ ಜಿ ಸ್ವರದ ಜುಂಯ್ ಮುಕ್ಕಾಲು ಹೋಯಿತು. ಎಫ್ ಮಾತ್ರ ಜಗ್ಗಲಿಲ್ಲ. ಮಗಳ ಪರೀಕ್ಷೆಯ ತಯಾರಿಯಲ್ಲಿ ಒಂದು ತುಣುಕು ಎಫ್ ಮೇಜರ್‌ನಲ್ಲಿ, ಅಂದರೆ ಎಫ್ ಸ್ವರವೇ ಷಡ್ಜವಾಗಿ ಇತ್ತು ಎಂಬುದು ದೇವರ ಹಾಸ್ಯ. ಅವಳು ಆ ಸ್ವರ ಬಂದಾಗಲೆಲ್ಲ ಬೆರಳನ್ನು ಹಗುರ ಮಾಡಲು ಕಲಿತುಬಿಟ್ಟಳು. ಶಿಕ್ಷಕಿ, “ಇಲ್ಲಿ ಯಾಕೆ ಹೆದರುತ್ತೀಯ?” ಎಂದು ಕೇಳುವಷ್ಟು.

ಏಪ್ರಿಲ್ ಮಧ್ಯದಲ್ಲಿ ಹಿರಿಯರು ಬಂದರು. ಚಪ್ಪಲಿ ಬಿಟ್ಟು, ನೀರು ಕುಡಿದು, ಪಿಯಾನೋ ಮುಟ್ಟುವ ಮುಂಚೆ ಚೀಲದಿಂದ ಒಂದು ಸಣ್ಣ ತೇವಾಂಶಮಾಪಕವನ್ನು ತೆಗೆದು ಒಳಗಿಟ್ಟರು. ಹತ್ತು ನಿಮಿಷ ಬಿಟ್ಟು ನೋಡಿದರೆ ಕೋಣೆಯಲ್ಲಿ ಶೇಕಡ 38, ಪಿಯಾನೋ ಒಳಗೆ 24. “ಇದೇನು, ಹಪ್ಪಳ ಒಣಗಿಸುತ್ತಿದ್ದೀರಾ?” ಎನ್ನುತ್ತ ಕೆಳಗಿನ ಹಲಗೆ ತೆಗೆದರು. ಬಲ್ಬು ಉರಿಯುತ್ತಿತ್ತು.

ಅವರು ನಗಲಿಲ್ಲ. ಬಲ್ಬನ್ನು ಆರಿಸಿ, ತಣ್ಣಗಾಗುವವರೆಗೆ ಕಾದು, ಹೋಲ್ಡರ್ ಸಮೇತ ನನ್ನ ಕೈಗೆ ಕೊಟ್ಟರು. “ಮಂಗಳೂರಿನಲ್ಲಿ ಇದು ಔಷಧ. ಇಲ್ಲಿ ಮಾರ್ಚ್ ತಿಂಗಳಲ್ಲಿ ಇದು ಬೆಂಕಿ.”

ಆಮೇಲೆ ಅವರು ವಿವರಿಸಿದ್ದು ಇಷ್ಟು. ಮರ ತೇವ ಕುಡಿದರೆ ಹಿಗ್ಗುವುದು, ಒಣಗಿದರೆ ಕುಗ್ಗುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಸೌಂಡ್‌ಬೋರ್ಡಿನ ಎಳೆ ಒಂದು ದಿಕ್ಕಿಗೆ, ಪಕ್ಕೆಲುಬಿನ ಎಳೆ ಅದಕ್ಕೆ ಅಡ್ಡ. ಹಲಗೆ ಕುಗ್ಗುತ್ತೇನೆ ಎನ್ನುತ್ತದೆ, ಪಕ್ಕೆಲುಬು ಬಿಡುವುದಿಲ್ಲ. ಆ ಜಗಳವೆಲ್ಲ ನಡುವಿನ ಸರೇಸಿನ ಮೇಲೆ ಬೀಳುತ್ತದೆ. ಕಡಲತೀರದ ತೇವದಲ್ಲಿ ದಶಕಗಟ್ಟಲೆ ನೆಂದು ಮೆತ್ತಗಾಗಿದ್ದ ಸರೇಸು ಕೆಲವೇ ತಿಂಗಳ ಒಣಗುವಿಕೆಗೆ ಕೈಬಿಟ್ಟಿತು. ಎಲ್ಲಿ ಬಿಟ್ಟಿದೆ ಎಂದು ತೋರಿಸಲು ಪಿಯಾನೋವನ್ನು ಗೋಡೆಯಿಂದ ಎಳೆದು, ಬೆನ್ನಿನ ಬಟ್ಟೆ ಬಿಚ್ಚಿದರು. ನೆಟ್ಟನೆಯ ಪಿಯಾನೋದ ಒಂದು ಪುಣ್ಯವೆಂದರೆ ಪಕ್ಕೆಲುಬುಗಳೆಲ್ಲ ಬೆನ್ನಿನಲ್ಲೇ ಕೈಗೆ ಸಿಗುತ್ತವೆ. ಮಗಳಿಗೆ ಎಫ್ ಒತ್ತುತ್ತಿರಲು ಹೇಳಿ, ಒಂದು ಮರದ ಕಡ್ಡಿಯ ತುದಿಯನ್ನು ಹಲಗೆಗೂ ಇನ್ನೊಂದು ತುದಿಯನ್ನು ತಮ್ಮ ಕಿವಿಗೂ ಹಚ್ಚಿ, ವೈದ್ಯರು ಎದೆ ನೋಡುವಂತೆ ಮೇಲಿನಿಂದ ಕೆಳಗೆ ಇಳಿದರು. ಕೆಳಗಿನಿಂದ ಮೂರನೆಯ ಪಕ್ಕೆಲುಬಿನ ಬಳಿ ನಿಂತರು. ಹೆಬ್ಬೆರಳಿನಿಂದ ಹಲಗೆಯನ್ನು ಒತ್ತಿದರು. ಟಿಕ್. ಬಿಟ್ಟರು. ಮತ್ತೆ ಟಿಕ್. ಜೇಬಿನಿಂದ ತಮ್ಮದೇ ವಿಸಿಟಿಂಗ್ ಕಾರ್ಡ್ ತೆಗೆದು ಪಕ್ಕೆಲುಬಿಗೂ ಹಲಗೆಗೂ ನಡುವೆ ತೂರಿಸಿದರು. ಅದು ಒಂದು ಗೇಣು ಸಲೀಸಾಗಿ ಜಾರಿತು. ಎಫ್ ನುಡಿಯಿತು, ಜುಂಯ್ ಇರಲಿಲ್ಲ. ಕಾರ್ಡ್ ಎಳೆದರೆ ಜೀರುಂಡೆ ಹಾಜರು. ಮಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಹನ್ನೊಂದು ಪಕ್ಕೆಲುಬುಗಳಲ್ಲಿ ಎರಡು ಬಿಟ್ಟಿದ್ದವು, ಎರಡೂ ಬಲ್ಬು ಉರಿಯುತ್ತಿದ್ದ ಗೂಡಿನ ನೇರ ಹಿಂದೆ.

“ಹಾಗಾದರೆ ಆ ಬಿರುಕು?” ಎಂದೆ. ನನ್ನ ನಿದ್ದೆ ಕೆಡಿಸಿದ್ದು ಅದೇ ತಾನೇ. ಅವರು ಅದರ ಮೇಲೆ ಉಗುರು ಆಡಿಸಿದರು. ಬಿರುಕಿನ ಎರಡು ದಂಡೆಗಳು ಒಂದಕ್ಕೊಂದು ತಾಗುತ್ತಿಲ್ಲ, ಆದ್ದರಿಂದ ಅದು ಸದ್ದು ಮಾಡುತ್ತಿಲ್ಲ. ಬಿರುಕಿದ್ದೂ ಚೆನ್ನಾಗಿ ಹಾಡುವ ಹಳೆಯ ಪಿಯಾನೋಗಳು ಬೇಕಾದಷ್ಟಿವೆ. ಮುಂದೆ ಎಂದಾದರೂ ತಂತಿಗಳನ್ನೆಲ್ಲ ಬದಲಿಸುವ ಕಾಲ ಬಂದರೆ ಆಗ ಸ್ಪ್ರೂಸಿನದೇ ತೆಳು ಚಕ್ಕೆಯನ್ನು ಕೂರಿಸಿ ಮುಚ್ಚಬಹುದು. ಅದೊಂದಕ್ಕಾಗಿ ಈಗ ತಂತಿ ಕಳಚುವುದು ನೆಗಡಿಗೆ ಮೂಗು ಕೊಯ್ದಂತೆ.

ಕೆಲಸ ಅಂದೇ ಆಗುತ್ತದೆ ಎಂದುಕೊಂಡಿದ್ದೆ. ಅವರು ಮೂರು ವಾರ ಕಾಯಲು ಹೇಳಿದರು. ಸುಟ್ಟ ಒಣಗಿನಲ್ಲಿ ಅಂಟಿಸಿದರೆ ಜೂನ್‌ನಲ್ಲಿ ಹಲಗೆ ಹಿಗ್ಗಿ ಮತ್ತೆ ಎಳೆದಾಟವಂತೆ. ಮೊದಲು ಮರ ನಡುವಿನ ಸ್ಥಿತಿಗೆ ಬರಲಿ. ಗುರಿ: ಒಳಗೆ ಶೇಕಡ 45ರ ಆಸುಪಾಸು. ನನ್ನದೇ ಒಂದು ತೇವಾಂಶಮಾಪಕ ಕೊಂಡೆ, 450 ರೂಪಾಯಿ. ಈ ಇಡೀ ಪ್ರಕರಣದಲ್ಲಿ ಕೊಟ್ಟ ಬೆಲೆಗೆ ಹೆಚ್ಚು ಕೆಲಸಕ್ಕೆ ಬಂದ ವಸ್ತು ಅದೇ. ಪಿಯಾನೋ ಬರುವ ಮುಂಚೆಯೇ ಕೊಳ್ಳಬೇಕಿತ್ತು. ಕೋಣೆಗೆ ತೇವ ಕೊಡುವ ಸಣ್ಣ ಯಂತ್ರಕ್ಕೆ 2,800. ಅದರ ಮಂಜು ನೇರವಾಗಿ ಪಿಯಾನೋಗೆ ತಾಗದಂತೆ ದೂರದ ಮೂಲೆಯಲ್ಲಿಟ್ಟೆವು. ಬೆಳಿಗ್ಗೆ ಎದ್ದು ಹಾಲು ತರುವ ಮುಂಚೆ ಮಾಪಕ ನೋಡುವುದು ನನ್ನ ಚಟವಾಯಿತು. 27, 31, 30, 34. ನಡುವೆ ಎರಡು ಸಂಜೆ ಮಾವಿನ ಮಳೆ ಬಂತು, ಒಂದೇ ರಾತ್ರಿಗೆ 41. ಮೇ ಮೊದಲ ವಾರ 44ರಲ್ಲಿ ನಿಂತಿತು. ಸೋಜಿಗವೆಂದರೆ ಅಷ್ಟರಲ್ಲಿ ಜುಂಯ್ ತಾನಾಗಿಯೇ ಅರ್ಧ ಅಡಗಿತ್ತು. “ಇನ್ನು ರಿಪೇರಿ ಬೇಡವೇನೋ” ಎಂದು ಫೋನ್ ಮಾಡಿದರೆ, “ಗಾಯ ಮುಚ್ಚಿಕೊಂಡಿದೆ, ಮಾಗಿಲ್ಲ” ಎಂದರು.

ಅಂಟಿಸುವ ಕೆಲಸ ಒಂದೂವರೆ ದಿನದ್ದು. ತೆಳು ಉಕ್ಕಿನ ಅಲಗಿನಿಂದ ಸಂದಿಯಲ್ಲಿದ್ದ ಹಳೆಯ ಸರೇಸನ್ನು ಕೆರೆದರು. ಅದು ಬೆಲ್ಲದ ಚೂರುಗಳಂತೆ ಕಂದು ಬಣ್ಣದ ಹರಳಾಗಿ ನಮ್ಮ ನೆಲದ ಮೇಲೆ ಉದುರಿತು. ಮರಳುಕಾಗದದ ಪಟ್ಟಿಯನ್ನು ಸಂದಿಗೆ ತೂರಿಸಿ ಹಲ್ಲುಜ್ಜಿದಂತೆ ಆಡಿಸಿದರು. ಆಮೇಲೆ ದಪ್ಪ ಸೂಜಿಯ ಸಿರಿಂಜಿನಿಂದ ಅಂಟು. ನಿಜವಾದ ಕಲೆ ಇದ್ದದ್ದು ಅದನ್ನು ಬಿಗಿಹಿಡಿಸುವುದರಲ್ಲಿ. ಹಲಗೆಯ ಮುಂದುಗಡೆ ತಂತಿಗಳ ಕಾಡು, ಅಲ್ಲಿ ಕ್ಲ್ಯಾಂಪ್ ಕೂರುವುದಿಲ್ಲ. ಹಾಗಾಗಿ ಪಿಯಾನೋದ ಬೆನ್ನಿನ ದಪ್ಪ ಕಂಬಗಳನ್ನೇ ಆಸರೆ ಮಾಡಿಕೊಂಡು, ಕಂಬಕ್ಕೂ ಪಕ್ಕೆಲುಬಿಗೂ ನಡುವೆ ಮರದ ಬೆಣೆಗಳನ್ನು ಹೊಡೆದು ಪಕ್ಕೆಲುಬನ್ನು ಹಲಗೆಗೆ ಒತ್ತಿಸಿದರು. ಕಂಬ ಇಲ್ಲದ ಕಡೆ ಎರಡು ಕಂಬಗಳ ಮೇಲೆ ಅಡ್ಡಪಟ್ಟಿ ಕಟ್ಟಿ ಅದರಿಂದ ಬೆಣೆ. ಪ್ರತಿ ಬೆಣೆಗೂ ಸುತ್ತಿಗೆಯ ಎರಡು ಪೆಟ್ಟು, ನಂತರ ಸಂದಿಯಿಂದ ಅಂಟು ಮಣಿಮಣಿಯಾಗಿ ಹೊರಬರುವುದನ್ನು ಬೆರಳಿನಿಂದ ಸವರಿ ನೋಡುವುದು. ಮಣಿ ಬಂದರೆ ಸಾಕು, ಇನ್ನೊಂದು ಪೆಟ್ಟು ಬೇಡ. ಹೆಚ್ಚು ಹೊಡೆದರೆ ಅಂಟೆಲ್ಲ ಹೊರಗೆ, ಒಳಗೆ ಬರಿ ಮರ. ಎರಡು ರಾತ್ರಿ ಪಿಯಾನೋ ಹಾಲಿನ ನಡುವೆ ಬೆನ್ನು ತೋರಿಸಿಕೊಂಡು ನಿಂತಿತ್ತು. ನಾವು ಅದರ ಸುತ್ತ ಪ್ರದಕ್ಷಿಣೆ ಹಾಕಿ ಊಟದ ಮೇಜಿಗೆ ಹೋಗುತ್ತಿದ್ದೆವು.

ಬೆಣೆ ತೆಗೆದ ಬೆಳಿಗ್ಗೆ ಮಗಳು ಎಫ್ ಒತ್ತಿದಳು. ಮೆಲ್ಲಗೆ, ಆಮೇಲೆ ಬಲವಾಗಿ, ಆಮೇಲೆ ಪೆಡಲ್ ತುಳಿದು ಅಂಗೈಯಿಂದ. ಸ್ವರ ಒಂದೇ, ಹಿಂಬಾಲಕರಿಲ್ಲ. ನನಗೆ ಕಣ್ಣು ತುಂಬಿತು. ಹಿರಿಯರಿಗೆ ಅದು ಇಷ್ಟವಾಗಲಿಲ್ಲ, “ಇನ್ನೂ ಕೆಳಗಿನ ಬಿ ಫ್ಲಾಟ್ ಕೇಳಿ” ಎಂದರು. ಅಲ್ಲಿ ಬೇರೊಂದು ಸಣ್ಣ ಜುಂಯ್. ಎಫ್‌ನ ಗದ್ದಲದಲ್ಲಿ ಅದು ನಮ್ಮ ಕಿವಿಗೇ ಬಿದ್ದಿರಲಿಲ್ಲ. ಕೆಳಸ್ವರಗಳ ಉಕ್ಕಿನ ತಂತಿಗೆ ತಾಮ್ರದ ಸುತ್ತು ಇರುತ್ತದೆ, ಆ ಸುತ್ತು ಸಡಿಲವಾಗಿತ್ತು. ತಂತಿಯ ಕೆಳತುದಿಯನ್ನು ಕಳಚಿ, ಸುತ್ತಿನ ದಿಕ್ಕಿಗೇ ಒಂದು ತಿರುವು ಕೊಟ್ಟು, ಮತ್ತೆ ಸಿಕ್ಕಿಸಿದರು. ಐದು ನಿಮಿಷ. ಹಣ ಕೇಳಲಿಲ್ಲ.

ಇನ್ನು ಶ್ರುತಿ. ಒಣಗಿ ಹಲಗೆಯ ಉಬ್ಬು ಇಳಿದಾಗ ತಂತಿಯೂ ಸಡಿಲವಾಗುತ್ತದೆ, ಇಡೀ ಪಿಯಾನೋ ಅರ್ಧ ಅರೆಸ್ವರಕ್ಕಿಂತ (ಅರೆಸ್ವರವೆಂದರೆ ಕಪ್ಪು, ಬಿಳಿ ಸೇರಿ ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ) ಹೆಚ್ಚು ಕೆಳಗೆ ಕುಳಿತಿತ್ತು. ಅಷ್ಟನ್ನು ಒಂದೇ ಸಲ ಎಳೆಯುವುದಿಲ್ಲ ಎಂದರು. ಎಳೆದರೆ ಹಳೆಯ ತಂತಿ ಹರಿಯಬಹುದು, ಹೊಸ ಅಂಟಿನ ಮೇಲೆ ಭಾರವೂ ಒಮ್ಮೆಲೇ ಬೀಳುತ್ತದೆ. ಮೇ ಕೊನೆಗೆ ಒಂದು ಸಲ, ಜುಲೈ ಮಧ್ಯದಲ್ಲಿ ಒಂದು ಸಲ ಬಂದು ಮಾಡಿದರು. ಅಷ್ಟರಲ್ಲಿ ಮಗಳ ಪರೀಕ್ಷೆ ಮುಗಿದೇ ಹೋಗಿತ್ತು, ಅವಳು ಶಿಕ್ಷಕಿಯ ಮನೆಯ ಪಿಯಾನೋದಲ್ಲಿ ಅಭ್ಯಾಸ ಮಾಡಿದಳು. ರಿಪೇರಿಯನ್ನು ಯಾವುದೇ ಪರೀಕ್ಷೆಯ ದಿನಕ್ಕೆ ಗಂಟು ಹಾಕಿಕೊಳ್ಳಬೇಡಿ, ಮರಕ್ಕೆ ವೇಳಾಪಟ್ಟಿ ಓದಲು ಬರುವುದಿಲ್ಲ.

ಲೆಕ್ಕ ಕೇಳುವವರಿಗೆ: ಹಿರಿಯರ ಮೊದಲ ಪರೀಕ್ಷೆಗೆ 2,500, ಪಕ್ಕೆಲುಬಿನ ಕೆಲಸಕ್ಕೆ 14,000, ಎರಡು ಶ್ರುತಿಗೆ ತಲಾ 3,500. ಮೊದಲನೆಯವರಿಗೆ ಕೊಟ್ಟ 2,000, ಮಾಪಕ, ತೇವದ ಯಂತ್ರ ಎಲ್ಲ ಸೇರಿದರೆ 28,750. ಮಂಗಳೂರಿನಿಂದ ತಂದ ಖರ್ಚು 24,000 ಬೇರೆ. ಒಟ್ಟು 52,750. ಈ ಹಣಕ್ಕೆ ಒಳ್ಳೆಯ ಡಿಜಿಟಲ್ ಪಿಯಾನೋ ಬರುತ್ತಿತ್ತು ಎಂದು ಮಾವನವರು ಮೂರು ಸಲ ಹೇಳಿದ್ದಾರೆ. ಬರುತ್ತಿತ್ತು. ಲಿಫ್ಟಿನ ಠೇವಣಿ ಐದು ಸಾವಿರ ಮಾತ್ರ ಇನ್ನೂ ವಾಪಸು ಬಂದಿಲ್ಲ; ಪಿಯಾನೋ ಮತ್ತೆ ಕೆಳಗಿಳಿಯುತ್ತದೆಂದು ಸಂಘದವರು ಕಾಯುತ್ತಿರಬೇಕು.

ಬಲ್ಬನ್ನು ಎಸೆದಿಲ್ಲ. ಮಳೆ ಹಿಡಿದು ಒಳಗೆ ಶೇಕಡ 65 ದಾಟಿದರೆ ದಿನಕ್ಕೆ ಒಂದೆರಡು ಗಂಟೆ ಹಚ್ಚಬಹುದು, ಆದರೆ ಆ ನೂಲುಸುತ್ತಿನ ವೈರನ್ನು ಬದಲಿಸಿ ಎಂದು ಹಿರಿಯರು ಹೇಳಿದ್ದಾರೆ. ಈ ವರ್ಷ ಜುಲೈನಲ್ಲಿ ಅದು 62ರವರೆಗೆ ಹೋಗಿ ಹಿಂದಿರುಗಿತು.

ಕಳೆದ ಭಾನುವಾರ ಟೀಚರ್‌ಬಾಯಿಗೆ ಫೋನ್ ಮಾಡಿ, ಬಲ್ಬಿನ ವಿಷಯವನ್ನು ನುಂಗಿಕೊಂಡು, ಮಗಳ ಕೈಯಲ್ಲಿ ಆ ಎಫ್ ಮೇಜರ್ ತುಣುಕನ್ನು ನುಡಿಸಿದೆ. ಮುಗಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಚೆನ್ನಾಗಿದೆ. ಆದರೆ ಶ್ರುತಿ ಒಂದು ಚೂರು ಕೆಳಗಿದೆ, ನಿನ್ನ ಮನುಷ್ಯನಿಗೆ ಹೇಳು” ಎಂದರು. ಅವರ ಕಿವಿ ಸರಿಯಾಗಿಯೇ ಇದೆ. ಹಿರಿಯರು ಎ ಸ್ವರವನ್ನು ಈಗಿನ ರೂಢಿಯಂತೆ ಸೆಕೆಂಡಿಗೆ 440 ಕಂಪನಕ್ಕೆ ತರದೆ ಬೇಕೆಂದೇ 435ಕ್ಕೆ ನಿಲ್ಲಿಸಿದ್ದಾರೆ. 1859ರಲ್ಲಿ ಫ್ರಾನ್ಸ್ ಕಾನೂನು ಮಾಡಿ ನಿಗದಿಪಡಿಸಿದ್ದ ಶ್ರುತಿ ಅದೇ ಆಗಿತ್ತಂತೆ. ಉಳಿದ ಐದನ್ನು ಅಕ್ಟೋಬರ್‌ನಲ್ಲಿ, ಮಳೆ ನಿಂತ ಮೇಲೆ ಬಂದು ನೋಡುತ್ತಾರೆ.